ಬೋಮಾ ಇಳಿಜಾರಿನ ಕಿಲೋಮೀಟರುಗಳು

ಜೂನ್ 9, ಸೋಮವಾರ

ಸಂವಹನ ಕೌಶಲದ ಮೇಡಂ ಹೇಳಿದಂತೆ ಬರೆಯುತ್ತಿದ್ದೇನೆ. ದಿನಾ ಊಟವಾದ ಮೇಲೆ: ಯಾರ ಜೊತೆ ಮಾತಾಡಿದೆ, ಎಷ್ಟು ವಾಕ್ಯ, ಮಾತು ಎಲ್ಲಿ ನಿಂತಿತು. ಯಾರಿಗೂ ತೋರಿಸಬೇಕಾಗಿಲ್ಲ ಅಂದರು. ಅದೊಂದು ಕಾರಣಕ್ಕೆ ಒಪ್ಪಿಕೊಂಡೆ.

ಫೋರ್ಟ್ ಪೋರ್ಟಲ್‌ಗೆ ನಿನ್ನೆ ಬಂದೆ. ನಾಲ್ಕು ವಾರದ ಕೆಲಸ. ಕಂಪನಿಯವರು ಆರು ಹಳೆಯ ಪೆಟ್ರೋಲ್ ಬೈಕುಗಳ ಇಂಜಿನ್ ತೆಗೆದು, ಮೋಟಾರು, ಬ್ಯಾಟರಿ ಕೂರಿಸಿ, ಇಲ್ಲಿನ ಬೋಮಾ ಬಡಾವಣೆಯ ಬೋಡಾ ಸ್ಟ್ಯಾಂಡಿನ, ಅಂದರೆ ಬೈಕ್ ಟ್ಯಾಕ್ಸಿ ನಿಲ್ದಾಣದ, ಆರು ಸವಾರರಿಗೆ ಕೊಟ್ಟಿದ್ದಾರೆ. ಒಮ್ಮೆ ಚಾರ್ಜ್ ಮಾಡಿದರೆ ಎಪ್ಪತ್ತು ಕಿಲೋಮೀಟರ್ ಓಡಬೇಕು. ಓಡುತ್ತದೆಯೋ ಇಲ್ಲವೋ ಎಂದು ಲೆಕ್ಕ ಇಡುವವಳು ನಾನು. ಜುಲೈ ನಾಲ್ಕಕ್ಕೆ ಪುರಭವನದಲ್ಲಿ ಸಭೆ. ಸರಾಸರಿ ಅರವತ್ತು ಮುಟ್ಟಿದರೆ ಬೈಕುಗಳು ಇಲ್ಲೇ ಉಳಿಯುತ್ತವೆ, ಮತ್ತು ನಾನು ಎಲ್ಲರೆದುರು ನಿಂತು ವಿವರಿಸಬೇಕು. ಹೋದ ವರ್ಷ ಫೇಲಾದ ಮೌಖಿಕ ಪರೀಕ್ಷೆಗೆ ಅದೇ ಬದಲಿ. ಅರವತ್ತು ಮುಟ್ಟದಿದ್ದರೆ ಬೈಕುಗಳು ವಾಪಸು ಕಂಪಾಲಾಕ್ಕೆ. ಆಗ ಬರಹದ ವರದಿ ಸಾಕು.

ಬೆಳಗ್ಗೆ ಕಂಪನಿಯ ಇಂಜಿನಿಯರ್ ಸೆಕಿಟೊಲೆಕೊ ನನ್ನನ್ನು "ಇವಳು ಅಮೊಂಗಿನ್" ಎಂದು ಸವಾರರಿಗೆ ಪರಿಚಯಿಸಿ ಹನ್ನೊಂದರ ಬಸ್ಸಿಗೆ ಕಂಪಾಲಾಕ್ಕೆ ಹೊರಟರು. ನಾನು ಸೂಚನೆಗಳ ನಾಲ್ಕು ಪುಟ ಓದಿದೆ. ಎರಡನೇ ಪುಟದಲ್ಲಿ ಹಿಂದಿನಿಂದ ಒಬ್ಬ, "ಅಮ್ಮಾ, ರೇಡಿಯೋ ಸೌಂಡ್ ಸ್ವಲ್ಪ ಜಾಸ್ತಿ ಮಾಡಿ" ಅಂದ. ನಕ್ಕರು. ಸ್ಟ್ಯಾಂಡಿನ ಚೇರ್ಮನ್ ಕಾಟೂರಮು, ಆರು ಸವಾರರಲ್ಲಿ ಒಬ್ಬರು, ಐವತ್ತು ದಾಟಿದವರು, "ನಗಬೇಡ್ರೋ, ಅದು ಮಗು" ಅಂದರು. ಅದು ಇನ್ನೂ ಕಷ್ಟವಾಯಿತು. ನಾಲ್ಕನೇ ಪುಟ ಓದಲಿಲ್ಲ.

ಓದಿದ್ದನ್ನು ಬಿಟ್ಟರೆ ಇಂದು ಆಡಿದ ವಾಕ್ಯ: 9.

ಜೂನ್ 11, ಬುಧವಾರ

ಸವಾರರಿಗೆ ಒಂದರಿಂದ ಆರು ಎಂದು ಸಂಖ್ಯೆ ಕೊಟ್ಟಿದ್ದೇನೆ. ಇಲ್ಲಿ ಹೆಸರಿನಿಂದ ಏನೂ ತಿಳಿಯುವುದಿಲ್ಲ. ಪ್ರತಿಯೊಬ್ಬರಿಗೂ ಹೆಸರಲ್ಲದೆ ಎಂಪಾಕೊ ಅಂತ ಒಂದು ಮುದ್ದಿನ ಹೆಸರಿದೆ. ಕರೆಯುವುದು, ಕುಶಲ ಕೇಳುವುದು ಎಲ್ಲ ಅದರಲ್ಲೇ. ಇಡೀ ಊರಿಗೆ ಇರುವುದು ಹನ್ನೆರಡೇ ಎಂಪಾಕೊ. ಆರು ಜನರಲ್ಲಿ ಇಬ್ಬರು ಅರಾಲಿ, ಇಬ್ಬರು ಅಮೂಟಿ. ಕೋಷ್ಟಕದಲ್ಲಿ ಹಾಕಿದರೆ ನನಗೇ ಗೊಂದಲವಾಗುತ್ತದೆ.

ಸಂಜೆ ಫಾರಂ ಕೊಟ್ಟೆ. ಬ್ಯಾಟರಿ ಎಷ್ಟು ಶೇಕಡಾ ಉಳಿದಿದೆ? ಬ್ರೇಕ್ ಸರಿ ಇದೆಯೇ? ವಾಹನವನ್ನು ಎಂದಿನಂತೆ ಓಡಿಸಿದಿರಾ? ಎಲ್ಲರೂ ಹೌದು, ಹೌದು ಎಂದು ಗುರುತು ಹಾಕಿದರು. ದೂರವನ್ನು ಸೀಟಿನ ಕೆಳಗಿನ ಕಪ್ಪು ಪೆಟ್ಟಿಗೆ ತಾನೇ ಬರೆದುಕೊಳ್ಳುತ್ತದೆ. ಅದನ್ನು ಯಾರನ್ನೂ ಕೇಳಬೇಕಾಗಿಲ್ಲ. ಸಮಾಧಾನ.

ವಾಕ್ಯ: 6.

ಜೂನ್ 16, ಸೋಮವಾರ

ಮೊದಲ ವಾರದ ಸರಾಸರಿ: ನಲವತ್ತೊಂಬತ್ತು.

ಎರಡು ಸಲ ಕೂಡಿದೆ. ನಲವತ್ತೊಂಬತ್ತೇ. ಪ್ರಯೋಗಾಲಯದಲ್ಲಿ ಇದೇ ಬೈಕುಗಳು ಎಪ್ಪತ್ತೊಂದು ಓಡಿದ್ದವು. ಇಂಜಿನಿಯರ್‌ಗೆ ಫೋನ್ ಮಾಡುವ ಬದಲು ಸಂದೇಶ ಕಳಿಸಿದೆ. ಅವರೇ ಫೋನ್ ಮಾಡಿದರು.

"ಏನಮ್ಮಾ, ಹತ್ತಿರಕ್ಕೂ ಬಂದಿಲ್ವಲ್ಲ. ಗುಡ್ಡದ ಊರು, ಬ್ಯಾಟರಿ ಕುಡಿಯುತ್ತೆ. ಇನ್ನೊಂದು ವಾರ ನೋಡೋಣ. ಹೀಗೇ ಇದ್ರೆ ಲಾರಿ ಕಳಿಸ್ತೀನಿ, ತುಂಬಿಸಿ ಕಳಿಸಿಬಿಡು."

"ಸರಿ" ಅಂದೆ.

ಇದನ್ನು ಬರೆಯದಿದ್ದರೆ ಈ ಪುಸ್ತಕಕ್ಕೆ ಅರ್ಥವಿಲ್ಲ: ನನಗೆ ಸಂತೋಷವಾಯಿತು. ಪುರಭವನದಲ್ಲಿ ನಿಲ್ಲಬೇಕಾಗಿಲ್ಲ. ವರದಿಯ ಮೊದಲ ಅಧ್ಯಾಯ ಇವತ್ತೇ ಶುರುಮಾಡಿದೆ. ಅಕ್ಷರ ಚೆನ್ನಾಗಿ ಬಂತು.

ವಾಕ್ಯ: 4.

ಜೂನ್ 18, ಬುಧವಾರ

ನಲವತ್ತೇಳು, ಐವತ್ತೊಂದು, ನಲವತ್ತೆಂಟು, ನಲವತ್ತೇಳು, ಐವತ್ತು, ನಲವತ್ತೊಂಬತ್ತು.

ವಾಕ್ಯ: 3. ಒಂದು ಚಪಾತಿ ಅಂಗಡಿಯಲ್ಲಿ.

ಜೂನ್ 20, ಶುಕ್ರವಾರ

ನಾನು ಉಳಿದಿರುವ ಮನೆಯ ಒಡತಿ ಕಬಹೆಂಡಾ ಇಂದು ಅವರೆಕಾಳಿನ ಸಿಪ್ಪೆ ಬಿಡಿಸಲು ನನ್ನನ್ನು ಕೂರಿಸಿಕೊಂಡರು. ಫಿರಿಂಡಾ ಅನ್ನುವ ಕಾಳಿನ ಗೊಜ್ಜು ಮಾಡಲು ಪ್ರತಿ ಕಾಳನ್ನೂ ಬರಿಮೈ ಮಾಡಬೇಕು. ಕೈಗೆ ಕೆಲಸವಿದ್ದಾಗ ಕೇಳಿಸಿಕೊಳ್ಳುವುದು ಸುಲಭ.

"ನಿನ್ನ ಬಗ್ಗೆ ಸ್ಟ್ಯಾಂಡಲ್ಲಿ ಏನಂತಾರೆ ಗೊತ್ತಾ?" ಅಂದರು.

ಗೊತ್ತಿಲ್ಲ ಅಂದೆ.

"ಪೊಲೀಸು ಅಂತಾರೆ. ಬರ್ತಾಳೆ, ಕುಶಲ ಕೇಳಲ್ಲ, ಎಂಪಾಕೊ ಕೇಳಲ್ಲ, ಕಾಗದ ಕೊಡ್ತಾಳೆ, ಹೋಗ್ತಾಳೆ. ನಂಬರ್ ಬೇರೆ ಹಾಕಿದೀಯಂತೆ. ಬಗೂಮಾ ನಮ್ಮ ಚರ್ಚಲ್ಲಿ ಹಾಡೋ ಹುಡುಗ, ಅವನಿಗೆ ನಾಲ್ಕನೇ ನಂಬರಂತೆ. ಅವನು ಏನು, ಆಸ್ಪತ್ರೆ ಮಂಚಾನಾ?"

ಒಂದೇ ಹೆಸರು ಇಬ್ಬರಿಗೆ ಇದ್ದರೆ ಲೆಕ್ಕ ತಪ್ಪುತ್ತದೆ ಎಂದು ಹೇಳಿದೆ.

"ಎರಡು ಅಮೂಟಿ ಇದ್ರೆ ಉದ್ದ ಅಮೂಟಿ, ಗಿಡ್ಡ ಅಮೂಟಿ ಅನ್ನು. ನಿನ್ನ ಊರಲ್ಲಿ ಏನ್ ಮಾಡ್ತೀರಿ?"

ನನ್ನ ಊರು ಸೊರೊಟಿ. ಅಲ್ಲಿ ಎಂಪಾಕೊ ಇಲ್ಲ, ಗುಡ್ಡ ಇಲ್ಲ, ಚಪ್ಪಟೆ ಊರು. ಯಾರಾದರೂ ಬರುವುದು ಅರ್ಧ ಗಂಟೆ ಮುಂಚೆಯೇ ಕಾಣುತ್ತದೆ, ಏನು ಹೇಳಬೇಕೆಂದು ಯೋಚಿಸಲು ಸಮಯ ಸಿಗುತ್ತದೆ. ಇದನ್ನು ಹೇಳಿದಾಗ ಕಬಹೆಂಡಾ ಕಾಳು ಬಿಟ್ಟು ನಕ್ಕರು. ಯಾಕೆಂದು ಗೊತ್ತಾಗಲಿಲ್ಲ.

ವಾಕ್ಯ: 22 ಇರಬಹುದು. ಕಾಳು ಎಣಿಸುತ್ತಾ ಇದು ತಪ್ಪಿತು.

ಜೂನ್ 21, ಶನಿವಾರ

ಬೆಳಗ್ಗೆ ಸ್ಟ್ಯಾಂಡಿಗೆ ಹೋಗಿ ಫಾರಂ ಚೀಲದಲ್ಲೇ ಬಿಟ್ಟೆ. ದಾರಿಯಲ್ಲಿ ಅಭ್ಯಾಸ ಮಾಡಿದ್ದೆ. ಚೇರ್ಮನ್ ಎದುರು ನಿಂತು, "ರಾತ್ರಿ ಹೇಗೆ ಕಳೆದಿರಿ? ನಿಮ್ಮ ಎಂಪಾಕೊ ಏನು?" ಎಂದು ಕೇಳಿದೆ.

ಅವರು ಬೆಂಚಿನಿಂದ ಎದ್ದುನಿಂತರು. "ಅರಾಲಿ. ನಿನ್ನದೇನು ಮಗಳೇ?"

"ಇಲ್ಲ."

"ಇಲ್ಲ ಅಂದ್ರೆ?"

"ನಮ್ಮ ಕಡೆ ಕೊಡಲ್ಲ."

"ಅಯ್ಯೋ, ಹದಿಮೂರು ದಿನದಿಂದ ಬರಿಗಾಲಲ್ಲಿ ಓಡಾಡ್ತಾ ಇದೀಯಾ ಹಾಗಾದ್ರೆ!" ಅಂದರು, ಮತ್ತು ಎಲ್ಲರನ್ನೂ ಕರೆದರು. ಒಂದು ಕಡೆಯವರು ಅಬ್ವೂಲಿ ಅಂದರು. ಗಿಡ್ಡ ಅಮೂಟಿ, "ಅಬ್ವೂಲಿ ಅಂದ್ರೆ ಬೆಕ್ಕು ಥರ, ಮೆತ್ತಗೆ. ಇವರಿಗೆ ಸರಿಹೋಗುತ್ತೆ, ಕಾಲ ಸಪ್ಪಳಾನೂ ಕೇಳಲ್ಲ" ಅಂದ. ಬಗೂಮಾ ಬೇಡವೆಂದ: "ನನ್ನ ಅಕ್ಕ ಅಕೀಕಿ. ಅವಳೂ ಹೀಗೇ, ಎಲ್ಲಾನೂ ಬರೆದಿಡ್ತಾಳೆ." ಕೈಯೆತ್ತಿ ಎಣಿಸಿದರು. ಅಕೀಕಿ ಗೆದ್ದಿತು, ನಾಲ್ಕಕ್ಕೆ ಎರಡು.

ಆಮೇಲೆ ಆರೂ ಜನ ಒಬ್ಬೊಬ್ಬರಾಗಿ ಬಂದು ಅದೇ ಹೆಸರಿನಿಂದ ಕುಶಲ ಕೇಳಿದರು. ಇಪ್ಪತ್ತು ನಿಮಿಷ ಹಿಡಿಯಿತು. ಕೆಲಸದ ದೃಷ್ಟಿಯಿಂದ ದುಬಾರಿ. ಆದರೆ ಸಂಜೆ ಫಾರಮುಗಳು ಮೊದಲ ಸಲ ಎಣ್ಣೆ ಕಲೆಯಿಲ್ಲದೆ ವಾಪಸು ಬಂದವು.

ವಾಕ್ಯ: 40ರ ಸುಮಾರು.

ಜೂನ್ 24, ಮಂಗಳವಾರ

ಇಂದು ಬಗೂಮಾ ಸಂಜೆ ಬೈಕ್ ನಿಲ್ಲಿಸಿ, ನಾನು ಪೆಟ್ಟಿಗೆಯ ಅಂಕಿ ಬರೆಯುವುದನ್ನು ಭುಜದ ಮೇಲಿಂದ ನೋಡಿದ.

"ಎಷ್ಟಂತೆ?"

"ನಲವತ್ತೇಳು."

"ಏನು, ಮೈಲಿನಾ?"

"ಕಿಲೋಮೀಟರ್."

"ಅಕೀಕಿ, ಬೆಳಗ್ಗೆಯಿಂದ ಕಿಟುಂಬಾಗೇ ಐದು ಸಲ ಹೋಗಿ ಬಂದಿದೀನಿ. ನಲವತ್ತೇಳಕ್ಕೆ ನಾನು ಅರ್ಧ ದಿನ ನಿದ್ದೆ ಮಾಡಿರಬೇಕು."

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನೀವು ಬ್ಯಾಟರಿ ಎಷ್ಟು ಅಂತ ಕೇಳಿದ್ರಿ. ಬ್ರೇಕ್ ಹೇಗಿದೆ ಅಂತ ಕೇಳಿದ್ರಿ. ಎಲ್ಲಿಗೆ ಹೋಗಿದ್ದೆ ಅಂತ ಯಾವತ್ತು ಕೇಳಿದ್ರಿ?"

ಕೇಳಿದೆ. ಬಗೂಮಾ ಬೆಂಚಿನ ಮೇಲೆ ಕೂತು ದಿನವನ್ನೆಲ್ಲ ಸರಿಯಾದ ಕ್ರಮದಲ್ಲಿ ಹೇಳಿದ: ಬೆಳಗ್ಗೆ ಆರೂವರೆಗೆ ನರ್ಸ್ ಒಬ್ಬರು, ಆಮೇಲೆ ಕೋಳಿ ಹಿಡಿದ ಅಜ್ಜಿ, ಕಸುಸು ಶಾಲೆಗೆ ತಡವಾದ ಮೇಷ್ಟ್ರು. ನಕ್ಷೆಯ ಮೇಲೆ ಅಳೆದು ಕೂಡಿದೆ. ಅರವತ್ತಾರು.

ನಾನು ಕೇಳದೆಯೇ ಇನ್ನೂ ಒಂದು ಹೇಳಿದ. ಈ ಬೈಕ್ ಸಿಕ್ಕಾಗ ತನ್ನ ಬಾಡಿಗೆ ಪೆಟ್ರೋಲ್ ಬೈಕನ್ನು ಮಾಲೀಕನಿಗೆ ಒಪ್ಪಿಸಿದ್ದಾನೆ. ಅದು ಈಗ ಬೇರೆಯವರ ಕೈಯಲ್ಲಿದೆ. ಲಾರಿ ಬಂದರೆ ಅವನಿಗೆ ಬೈಕೇ ಇಲ್ಲ. ಉಳಿದ ಐವರದೂ ಇದೇ ಕಥೆಯಂತೆ. ಇದು ನನ್ನ ಫಾರಮಿನ ಯಾವ ಕಾಲಮ್ಮಿಗೂ ಸೇರುವುದಿಲ್ಲ. ಅಂಚಿನಲ್ಲಿ ಬರೆದುಕೊಂಡೆ.

ಇಂಜಿನಿಯರ್‌ಗೆ ಫೋನ್ ಮಾಡಿದೆ. "ಅಮೊಂಗಿನ್, ಸವಾರರು ಮೀನು ಹಿಡಿಯೋರ ಥರ. ಕೇಳಿದ್ರೆ ಎಲ್ಲಾ ದೊಡ್ಡದಾಗೇ ಇರುತ್ತೆ. ಪೆಟ್ಟಿಗೆ ಸುಳ್ಳು ಹೇಳಲ್ಲ" ಅಂದರು. ಲಾರಿ ಗೊತ್ತುಮಾಡಿ ಆಗಿದೆಯಂತೆ.

ಹತ್ತೊಂಬತ್ತು ಕಿಲೋಮೀಟರ್ ಎಲ್ಲೋ ಬಿದ್ದುಹೋಗಿದೆ. ವರದಿಯ ಎರಡನೇ ಅಧ್ಯಾಯ ಇವತ್ತು ಬರೆಯಲಾಗಲಿಲ್ಲ.

ಜೂನ್ 26, ಗುರುವಾರ

ಸಿಕ್ಕಿತು. ಕ್ರಮವಾಗಿ ಬರೆಯುತ್ತೇನೆ.

ಪೆಟ್ಟಿಗೆಯ ಅಂಕಿಯನ್ನು ನನ್ನ ಫೋನಿನಲ್ಲೇ ಕಾಣುವಂತೆ ಜೋಡಿಸಿಕೊಂಡು ಬಗೂಮಾನ ಹಿಂದೆ ಕೂತೆ. ಮೊದಲು ಬೋಮಾದ ಮೇಲಿನ ಸಮತಟ್ಟು ಬೀದಿಗಳಲ್ಲೇ ಸುತ್ತು ಹಾಕಿದೆವು. 12.1. ಸರಿಯಾಗಿತ್ತು. ಆಮೇಲೆ ಎಂಪಾಂಗಾ ಸೇತುವೆಯ ಕಡೆ ಇಳಿದೆವು. 12.4. ನೀಲಗಿರಿ ಮರಗಳು ಹಿಂದೆ ಓಡುತ್ತಿದ್ದವು. 12.4. ಬಾಳೆಗೊನೆ ಹೊತ್ತ ಸೈಕಲ್ಲೊಂದನ್ನು ದಾಟಿದೆವು. 12.4.

"ನಿಂತಿದೆ!" ಅಂದೆ.

"ಏನ್ ನಿಂತಿದೆ?"

"ನಿಂತುಬಿಟ್ಟಿದೆ!"

"ಗಾಡಿ ಹೋಗ್ತಾನೇ ಇದೆಯಲ್ಲ ಅಕೀಕಿ, ಕೂಗಬೇಡಿ, ಜನ ನೋಡ್ತಾರೆ."

ಭುಜದ ಪಕ್ಕದಿಂದ ಬಗ್ಗಿ ನೋಡಿದೆ. ಮುಂದಿನ ಮೀಟರ್ ಫಲಕದ ದೀಪ ಆರಿತ್ತು. ಕೀ ಅಡ್ಡ ತಿರುಗಿತ್ತು.

"ಕೀ ಯಾಕೆ ತಿರುಗಿಸಿದಿರಿ?"

"ಯಾವ ಕೀ?"

ಬೈಕ್ ನಿಲ್ಲಿಸಿ ಅವನೂ ನೋಡಿದ. ತನ್ನ ಎಡಗೈಯನ್ನು ಬೇರೆಯವರ ಕೈ ನೋಡುವಂತೆ ನೋಡಿದ. "ಇಳಿಜಾರಲ್ವಾ" ಅಂದ ಕೊನೆಗೆ. "ಇಳಿಜಾರಲ್ಲಿ ಇಂಜಿನ್ ಯಾರು ಹಚ್ಚಿಕೊಂಡು ಹೋಗ್ತಾರೆ? ಪೆಟ್ರೋಲ್ ಸುಮ್ನೆ ಸುಡುತ್ತೆ. ನಮ್ಮ ಗುರು ಮೊದಲನೇ ದಿನ ಕಲಿಸಿದ್ದೇ ಅದು. ಹನ್ನೊಂದು ವರ್ಷದಿಂದ ಹೀಗೇ."

ಕೀ ತಿರುಗಿಸಿದರೆ ಪೆಟ್ಟಿಗೆಯೂ ಮಲಗುತ್ತದೆ. ಬೈಕ್ ಓಡುತ್ತಿರುತ್ತದೆ, ಎಣಿಸುವವರಿಲ್ಲ. ಇಳಿಜಾರಿನ ಕಿಲೋಮೀಟರುಗಳೆಲ್ಲ ಹೀಗೆ ಹೋಗಿವೆ. ಸಾಲದ್ದಕ್ಕೆ, ಕೀ ಹಾಕಿಯೇ ಇಳಿದರೆ ಈ ಮೋಟಾರು ಡೈನಮೋದಂತೆ ತಿರುಗಿ ಬ್ಯಾಟರಿಗೆ ಸ್ವಲ್ಪ ತುಂಬುತ್ತದೆ, ಅದೂ ತಪ್ಪಿದೆ. ಉಳಿಸಲು ಹೋಗಿ ಕಳೆದಿದ್ದಾರೆ.

ಸೊರೊಟಿಯಲ್ಲಿ ಬೆಳೆದವಳಿಗೆ ಇದು ಹೊಳೆಯುವುದು ಸಾಧ್ಯವಿರಲಿಲ್ಲ. ಕಂಪಾಲಾದ ಪ್ರಯೋಗಾಲಯದ ನೆಲವೂ ಚಪ್ಪಟೆ.

ಸೇತುವೆಯ ಮೇಲೆ ನಿಂತು ಇಬ್ಬರೂ ನಕ್ಕೆವು. ತುಂಬಾ ಹೊತ್ತು. ಕಾರಣ ಗೊತ್ತಿಲ್ಲದ ಒಬ್ಬ ಮೀನು ಮಾರುವವನೂ ನಕ್ಕ.

ಜೂನ್ 27, ಶುಕ್ರವಾರ

ಉಳಿದ ಐವರ ಹಿಂದೆಯೂ ಕೂತೆ. ಐವರೂ ತಿರುಗಿಸುತ್ತಾರೆ. ಚೇರ್ಮನ್ ಮಾತ್ರ ಒಪ್ಪಲಿಲ್ಲ.

"ಹುಡುಗರ ಬುದ್ಧಿ ಅದು. ನಾನು? ಜನ್ಮದಲ್ಲಿ ಮಾಡಿಲ್ಲ."

ಮುಂದಿನ ಇಳಿಜಾರಿನಲ್ಲಿ ಮಾಡಿದರು. ಕೀಯನ್ನು ಬೆರಳಿಂದ ತೋರಿಸಿದೆ. ಕೀಯನ್ನು ವಾಪಸು ತಿರುಗಿಸಿದರು. ಆಮೇಲೆ, "ಈ ಗಾಡಿ ಕೀ ಬಹಳ ಸಡಿಲ ಇದೆ ಅಕೀಕಿ, ಬರ್ಕೋ" ಅಂದರು.

ಇಂಜಿನಿಯರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಕಥೆ ಚೆನ್ನಾಗಿದೆ. ಅಂಕಿ ಕೊಡು" ಅಂದರು. ಅದು ನ್ಯಾಯ. ಸೋಮವಾರದಿಂದ ಗುರುವಾರ: ನಾಲ್ಕು ದಿನ ಸಿಗುತ್ತದೆ. ನಾಲ್ಕು ದಿನ ಯಾರೂ ಕೀ ಮುಟ್ಟಬಾರದು.

ಸಂಜೆ ಬೆಂಚಿನ ಹತ್ತಿರ ಸೇರಿ ಇದನ್ನೇ ಮಾತಾಡಿದೆವು. ಹೇಳುವುದು ಸುಲಭ, ಕೈ ಕೇಳುವುದಿಲ್ಲ. ಉದ್ದ ಅಮೂಟಿ ಕೀಯನ್ನು ಟೇಪಿನಿಂದ ಸುತ್ತೋಣ ಅಂದ. ಗಿಡ್ಡ ಅಮೂಟಿ, "ನಿನ್ನ ಕೈಯನ್ನೇ ಸುತ್ತೋಣ" ಅಂದ. ಕೊನೆಗೆ ಚೇರ್ಮನ್ ತೀರ್ಪು: ಯಾರು ಇಳಿಜಾರಿನಲ್ಲಿ ಕೀ ಮುಟ್ಟುತ್ತಾರೋ ಅವರು ಹಿಡಿದವರಿಗೆ ಮೊಟ್ಟೆ ಚಪಾತಿ ಕೊಡಿಸಬೇಕು.

"ಹಿಡಿಯೋರು ಯಾರು? ನಾವು ಒಬ್ಬೊಬ್ಬರೂ ಒಂದೊಂದು ಕಡೆ ಇರ್ತೀವಿ" ಅಂದ ಬಗೂಮಾ.

ಪ್ರಯಾಣಿಕರು ಇದ್ದಾರಲ್ಲ ಅಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. "ಅವರಿಗೆ ಹೇಳೋರು ಯಾರು?"

ಜುಲೈ 1, ಮಂಗಳವಾರ

ಗಂಟಲು ಕೆಟ್ಟಿದೆ. ಕಬಹೆಂಡಾ ಶುಂಠಿ ಹಾಕಿ ಚಹಾ ಮಾಡಿಕೊಟ್ಟರು.

ಎರಡು ದಿನದಿಂದ ಬೆಳಗ್ಗೆ ಆರರಿಂದ ಸ್ಟ್ಯಾಂಡಿನಲ್ಲಿ ನಿಂತು, ಹತ್ತುವ ಪ್ರತಿಯೊಬ್ಬರಿಗೂ ಹೇಳುತ್ತಿದ್ದೇನೆ: ಇಳಿಯುವಾಗ ಸವಾರನ ಎಡಗೈ ನೋಡಿ, ಕೀ ಹತ್ತಿರ ಹೋದರೆ ಕೂಗಿ, ಚಪಾತಿ ನಿಮ್ಮದು. ಮೊದಲು ಕುಶಲ, ಎಂಪಾಕೊ, ಆಮೇಲೆ ಕೀ. ಅರ್ಧ ಲುಗಾಂಡಾ, ಅರ್ಧ ಇಂಗ್ಲಿಷ್, ಅಲ್ಲಲ್ಲಿ ಕಬಹೆಂಡಾ ಕಲಿಸಿದ ಈ ಊರಿನ ಭಾಷೆ ರುಟೂರೊ. ಕೆಲವರು ಯಾಕೆ ಅಂತ ಕೇಳುತ್ತಾರೆ, ಅವರಿಗೆ ಡೈನಮೋವನ್ನೂ ವಿವರಿಸಬೇಕು. ಒಬ್ಬ ಮುದುಕಿಗೆ ಸೈಕಲ್ ದೀಪದ ಉದಾಹರಣೆ ಕೊಟ್ಟೆ; ಆಕೆ, "ಅಂದ್ರೆ ಇಳಿಯೋವಾಗ ಗಾಡಿ ಊಟ ಮಾಡುತ್ತೆ" ಅಂದರು. ನಾನು ಬರೆದ ಎರಡು ಪುಟಕ್ಕಿಂತ ಅದು ಚೆನ್ನಾಗಿತ್ತು. ಆಮೇಲೆ ಎಲ್ಲರಿಗೂ ಅದನ್ನೇ ಹೇಳಿದೆ.

ಮಧ್ಯಾಹ್ನದ ಹೊತ್ತಿಗೆ ಇಳಿಜಾರಿನ ಅಂಗಡಿಯವರೂ ಶುರುಮಾಡಿದ್ದರು. ನಮ್ಮ ಕೆಂಪು ಬಣ್ಣದ ಬೈಕ್ ಕಂಡರೆ ಸಾಕು, "ಕೀ! ಕೀ!" ಅನ್ನುತ್ತಾರೆ. ಪೆಟ್ರೋಲ್ ಬೈಕಿನವರಿಗೂ ಅಂದಿದ್ದಾರೆ, ಪಾಪ.

ಚೇರ್ಮನ್ ಎರಡು ಸಲ ಸಿಕ್ಕಿಬಿದ್ದರು. ಎರಡನೇ ಸಲ ಹಿಡಿದದ್ದು ಒಬ್ಬ ಕನ್ಯಾಸ್ತ್ರೀ. ಆಕೆ ಚಪಾತಿಯನ್ನು ಅಲ್ಲೇ ನಿಂತು ತಿಂದರಂತೆ.

ಅಂಕಿ: ನಿನ್ನೆ ಅರವತ್ತೇಳು. ಇಂದು ಅರವತ್ತೊಂಬತ್ತು.

ಜುಲೈ 3, ಗುರುವಾರ

ನಿನ್ನೆ ಅರವತ್ತಾರು, ಇಂದು ಅರವತ್ತೆಂಟು. ನಾಲ್ಕು ದಿನದ ಸರಾಸರಿ ಅರವತ್ತೇಳೂವರೆ. ಮೂರು ಸಲ ಕೂಡಿದೆ.

ಹೊಸ ಕೋಷ್ಟಕವನ್ನು ಇಂಜಿನಿಯರ್‌ಗೆ ಸಂಜೆ ಐದಕ್ಕೆ ಕಳಿಸಿದೆ. ಉತ್ತರ ಬಂದಿಲ್ಲ. ಇಲ್ಲಿಗೆ ಬರುವ ದಾರಿಯಲ್ಲಿರಬಹುದು.

ಜುಲೈ 4, ಶುಕ್ರವಾರ

ಪುರಭವನದ ಬಾಗಿಲಲ್ಲಿ ಲಾರಿ ನಿಂತಿತ್ತು, ಹಗ್ಗ, ಹಲಗೆ ಸಮೇತ. ಆರು ಬೈಕುಗಳನ್ನು ಅದರ ಪಕ್ಕ ಸಾಲಾಗಿ ನಿಲ್ಲಿಸಿದ್ದರು. ಸವಾರರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದರು. ಎಲ್ಲ ಸೇರಿ ಎಂಬತ್ತು ಜನ ಇರಬಹುದು.

ಇಂಜಿನಿಯರ್ ಒಳಗೆ ಬರುತ್ತಲೇ ನನ್ನ ಹತ್ತಿರ ಬಂದು ಮೆಲ್ಲಗೆ, "ನೀನು ಮಾತಾಡೋದು ಬೇಡ, ಕಷ್ಟ ಅಂತ ಗೊತ್ತು. ನಾನೇ ಓದಿಬಿಡ್ತೀನಿ. ಪರೀಕ್ಷೆದು ನಾನು ನೋಡ್ಕೋತೀನಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಕೋಷ್ಟಕ ನೋಡಿದಿರಾ ಎಂದು ಕೇಳುವಷ್ಟರಲ್ಲಿ ಅವರನ್ನು ವೇದಿಕೆಗೆ ಕರೆದರು.

ನೋಡಿರಲಿಲ್ಲ. ಹಳೆಯದನ್ನು ಓದಿದರು. ಮೊದಲ ವಾರ ನಲವತ್ತೊಂಬತ್ತು. ಎರಡನೇ ವಾರ ನಲವತ್ತೊಂಬತ್ತು. "ಆದ್ದರಿಂದ ವಿಷಾದದಿಂದ—"

ನಾನು ಎದ್ದು ನಿಂತದ್ದು ನನಗೆ ತಿಳಿದದ್ದು ಕುರ್ಚಿಯ ಸದ್ದಿನಿಂದ.

"ಅದು ನಲವತ್ತೊಂಬತ್ತಲ್ಲ" ಅಂದೆ.

ಊರಿನ ಸಾರಿಗೆ ಅಧಿಕಾರಿ, ವೇದಿಕೆಯ ಮಧ್ಯೆ ಕೂತಿದ್ದ ಮಹಿಳೆ, ಕನ್ನಡಕ ಕೆಳಗಿಳಿಸಿದರು. "ಯಾರಮ್ಮಾ ನೀವು?"

"ಅಕೀಕಿ" ಅಂದೆ. ಅಮೊಂಗಿನ್ ಅನ್ನಬೇಕಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಬೆಂಚು ತಟ್ಟಿದರು.

ಅಧಿಕಾರಿಯ ಮುಖ ಬದಲಾಯಿತು. "ನಾನು ಅಟೇನ್ಯಿ. ರಾತ್ರಿ ಹೇಗೆ ಕಳೆದಿರಿ ಅಕೀಕಿ?"

ಅಷ್ಟು ಜನರೆದುರು ಇಬ್ಬರೂ ಕುಶಲ ಮುಗಿಸಿದೆವು. ಆ ಹೊತ್ತಿಗೆ ಉಸಿರು ಜಾಗಕ್ಕೆ ಬಂದಿತ್ತು. ಆಮೇಲೆ ಆದದ್ದನ್ನು ಆದ ಹಾಗೆ ಹೇಳಿದೆ: ನಿಂತುಹೋದ 12.4, ಎಡಗೈ, ಮಲಗಿದ ಪೆಟ್ಟಿಗೆ, ನಾಲ್ಕು ದಿನ, ಅರವತ್ತೇಳೂವರೆ. ಇಳಿಯುವಾಗ ಗಾಡಿ ಊಟ ಮಾಡುತ್ತದೆ ಎಂದಾಗ ಜನ ನಕ್ಕರು. ನಗು ಮುಗಿಯಲು ಕಾಯಬೇಕಾಯಿತು.

ಮುಂದಿನ ಸಾಲಿನಿಂದ ಒಬ್ಬರು ಎದ್ದರು. "ಹಾಗಾದ್ರೆ ತಪ್ಪು ಹುಡುಗರದು ಅಂತಾಯ್ತು. ಹೇಳಿಕೊಟ್ಟ ಹಾಗೆ ಓಡಿಸಿಲ್ಲ. ನಾಳೆ ಮತ್ತೆ ಕೀ ತಿರುಗಿಸಲ್ಲ ಅಂತ ಏನು ಗ್ಯಾರಂಟಿ?"

ಹಿಂದಿನ ಸಾಲಿನವರು ತಲೆ ತಗ್ಗಿಸಿದರು. ಇದು ಸರಿಯಲ್ಲ ಅನ್ನಿಸಿತು.

"ಪೆಟ್ರೋಲ್ ಗಾಡಿಗೆ ಅದು ಸರಿಯಾದ ಅಭ್ಯಾಸ" ಅಂದೆ. "ಗುಡ್ಡದ ಊರಲ್ಲಿ ಎಲ್ಲರೂ ಹಾಗೇ ಓಡಿಸ್ತಾರೆ, ನಿಮ್ಮನ್ನ ಇವತ್ತು ಇಲ್ಲಿಗೆ ಕರ್ಕೊಂಡು ಬಂದವರೂ ಹಾಗೇ ಓಡಿಸಿರ್ತಾರೆ. ಪೆಟ್ಟಿಗೆಯನ್ನ ಕೀಗೆ ಕಟ್ಟಿದ್ದು ನಾವು. ಅದನ್ನ ಬ್ಯಾಟರಿಗೇ ಕಟ್ಟಿದ್ರೆ ಯಾರು ಏನು ತಿರುಗಿಸಿದ್ರೂ ಎಣಿಸುತ್ತೆ, ಒಂದು ತಂತಿ ಕೆಲಸ. ಇವರು ಮುಚ್ಚಿಟ್ಟಿರಲಿಲ್ಲ. ನಾನು ಬ್ಯಾಟರಿ ಎಷ್ಟು ಉಳಿದಿದೆ ಅಂತ ಕೇಳಿದೆ. ಎಲ್ಲಿಗೆ ಹೋಗಿ ಬಂದ್ರಿ ಅಂತ ಎರಡು ವಾರ ಕೇಳಲೇ ಇಲ್ಲ. ತಪ್ಪು ಅಂತ ಬರ್ಕೊಳ್ಳೋದಾದ್ರೆ ಅದನ್ನ ಬರ್ಕೊಳ್ಳಿ."

ಅಧಿಕಾರಿ ಇಂಜಿನಿಯರ್ ಕಡೆ ತಿರುಗಿದರು. ಅವರು ಫೋನ್ ತೆಗೆದು ನನ್ನ ಸಂದೇಶ ಹುಡುಕಿದರು. ನಿಂತೇ ಓದಿದರು. ಬಹಳ ಹೊತ್ತು ಓದಿದರು. ಎಂಬತ್ತು ಜನ ಒಬ್ಬ ಮನುಷ್ಯ ಓದುವುದನ್ನು ನೋಡುತ್ತಿದ್ದೆವು. ಚೇರ್ಮನ್ ಕೈ ಕಟ್ಟಿಕೊಂಡಿದ್ದರು. ಬಗೂಮಾ ಕಣ್ಣು ಮುಚ್ಚಿಕೊಂಡಿದ್ದ.

"ದಿನಕ್ಕೆ ಆರೂ ಗಾಡಿದು ಬೇರೆ ಬೇರೆ ಇದೆಯಾ?" ಎಂದು ಇಂಜಿನಿಯರ್ ಕೇಳಿದರು.

"ಎರಡನೇ ಪುಟ" ಅಂದೆ.

ಎರಡನೇ ಪುಟ ನೋಡಿದರು. ಜೇಬಿನಿಂದ ಪೆನ್ನು ತೆಗೆದು ಕೈಯಲ್ಲಿದ್ದ ಹಳೆಯ ಕಾಗದದ ಮೇಲೆ ಉದ್ದಕ್ಕೆ ಗೆರೆ ಎಳೆದರು. "ಡಿಸೆಂಬರ್ ತನಕ ಇರಲಿ. ತಂತಿ ನಾನೇ ಬದಲಾಯಿಸಿಕೊಡ್ತೀನಿ" ಅಂದರು.

ಹಿಂದಿನ ಸಾಲಿನಿಂದ ಬಂದ ಸದ್ದನ್ನು ಇಲ್ಲಿ ಬರೆಯಲು ನನಗೆ ಬರುವುದಿಲ್ಲ. ಬಗೂಮಾ ಮುಖ ಒರೆಸಿಕೊಳ್ಳುತ್ತಾ ಹೊರಗೆ ಹೋದ. ಸ್ವಲ್ಪ ಹೊತ್ತಿನಲ್ಲಿ ಅವನ ಬೈಕಿನ ಹಾರ್ನ್ ಕೇಳಿಸಿತು, ಒಂದೇ ಸಮ.

ಹೊರಗೆ ಇಂಜಿನಿಯರ್ ನನ್ನ ಪರೀಕ್ಷೆಯ ಹಾಳೆಗೆ ಸಹಿ ಹಾಕಿದರು. ಅದರಲ್ಲಿ ಧ್ವನಿ, ನಿಲುವು, ಸ್ಪಷ್ಟತೆ ಎಂದು ಕಾಲಮ್ಮುಗಳಿವೆ. ಎಲ್ಲದಕ್ಕೂ ಏನೋ ಬರೆದರು. ಓದಲಿಲ್ಲ, ಚಪಾತಿ ಅಂಗಡಿಯ ಹತ್ತಿರ ನನ್ನನ್ನು ಕರೆಯುತ್ತಿದ್ದರು.

ಜುಲೈ 5, ಶನಿವಾರ

ಕಂಪಾಲಾ. ಲಾರಿಯಲ್ಲಿ ಬಂದೆ.

ಬೈಕುಗಳಿಲ್ಲದೆ ಖಾಲಿ ಹೋಗುವುದಕ್ಕೆ ಚಾಲಕ ವಾಸ್ವಾ ಅವರಿಗೆ ಬೇಸರವಾಗಿತ್ತು. ಚೇರ್ಮನ್ ಬೆಳಗ್ಗೆಯೇ ಊರೆಲ್ಲ ಸುತ್ತಿ ಮಟೋಕೆ ಬಾಳೆಕಾಯಿ ಗೊನೆಗಳನ್ನು ತಂದು ತುಂಬಿಸಿದರು. ನನ್ನನ್ನೂ ಮುಂದೆ ಕೂರಿಸಿದರು. ಕಬಹೆಂಡಾ ಬಾಳೆ ಎಲೆಯಲ್ಲಿ ಫಿರಿಂಡಾ ಕಟ್ಟಿಕೊಟ್ಟರು. ಬಗೂಮಾ ಊರಾಚೆಯವರೆಗೆ ಪಕ್ಕದಲ್ಲೇ ಬೈಕ್ ಓಡಿಸಿಕೊಂಡು ಬಂದ, ಆಮೇಲೆ ಕೈ ಎತ್ತಿ ತಿರುಗಿದ.

ಕ್ಯೆಂಜೋಜೊ ದಾಟುವ ಹೊತ್ತಿಗೆ ವಾಸ್ವಾ, "ಆ ಕೆಂಪು ಗಾಡಿಗಳದು ಏನು ಗಲಾಟೆ?" ಎಂದು ಕೇಳಿದರು. ಹೇಳಿದೆ. ಪೂರ್ತಿ ಅರ್ಥವಾಗಬೇಕಾದರೆ ಮೊದಲಿನಿಂದ ಹೇಳಬೇಕಿತ್ತು, ಹಾಗಾಗಿ ಎಂಪಾಕೊದಿಂದ ಶುರುಮಾಡಿದೆ. ಮುಬೆಂಡೆ ಹತ್ತಿರ ಬರುವಾಗ ಕನ್ಯಾಸ್ತ್ರೀಯ ಭಾಗದಲ್ಲಿದ್ದೆ. ಅಲ್ಲಿ ಅವರು, "ಅಮ್ಮಾ, ಸ್ವಲ್ಪ ಹೊತ್ತು ಸುಮ್ಮನಿರ್ತೀಯಾ? ಎರಡು ಗಂಟೆಯಿಂದ ನನ್ನ ಕಿವಿಗೆ ಬಿಡುವಿಲ್ಲ" ಅಂದರು.

ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೆ ಅಷ್ಟೇ. ಸುಮ್ಮನೆ ಕೂತು ಹೊರಗೆ ನೋಡಿದೆ.

ಮಿತ್ಯಾನಾ ಬಂತು. ಅವರು ಗಂಟಲು ಸರಿಮಾಡಿಕೊಂಡರು. ಒಂದು ಸಲ ನನ್ನ ಕಡೆ ನೋಡಿದರು, ಮತ್ತೆ ರಸ್ತೆ ನೋಡಿದರು.

"ಸರಿ, ಸಭೆಗೆ ಹೋದ್ರಿ" ಅಂದರು. "ಆಮೇಲೆ?"